ಮಂಗಳದ ಬಂಡಿ ನಿಲ್ಲುವ ತನಕ

"ಆ ಬಂಡಿ ನಿಂತ ದಿನ ನಾವು ಚಿಂತಾಮಣಿಗೆ ವಾಪಸ್ ಹೊರಡೋದೇ ಕಣೆ" ಎಂದು ಭೈರೇಶ್ ಹೆಂಡತಿಗೆ ಮಾತು ಕೊಟ್ಟು ಐದು ವರ್ಷ ದಾಟಿತ್ತು. ಆಗ ಅವರು ಫ್ಯಾಕ್ಟರಿ ಕೆಲಸಕ್ಕೆಂದು ಹೊಸೂರಿಗೆ ಬಂದ ಹೊಸದು. ಅಲ್ಲಿನ ಮೂಕಂಡಪಲ್ಲಿಯ ವಠಾರ ಸೇರಿದ ವಾರವೇ ಅವನು ಪೇಪರಿನಲ್ಲಿ ಓದಿದ್ದ: ಮಂಗಳ ಗ್ರಹದ ಮೇಲೆ ಆರು ಗಾಲಿಯ ಯಂತ್ರವೊಂದು ಇಳಿದಿದೆ, ಹಿಂದೊಮ್ಮೆ ಅಲ್ಲಿ ನೀರಿತ್ತೇ, ಜೀವವಿತ್ತೇ ಎಂದು ಕಲ್ಲುಮಣ್ಣು ಕೆದಕಿ ನೋಡುತ್ತದೆ, ಅದರ ಆಯಸ್ಸು ಮೂರೇ ತಿಂಗಳು. ಭೈರೇಶ್ ಲೇತ್ ಆಪರೇಟರ್. ಗ್ಯಾರಂಟಿ ಮುಗಿದ ಮಾರನೆಯ ದಿನವೇ ಮಿಷನ್ನು ಕೈಕೊಡುತ್ತದೆ ಎಂಬುದು ಅವನಿಗೆ ವೇದವಾಕ್ಯ. ಹಾಗಾಗಿ ಧೈರ್ಯವಾಗಿಯೇ ಹೇಳಿದ್ದ.

ಕೋಮಲಾ ಚಿಂತಾಮಣಿಯಲ್ಲಿ ಅಕ್ಕ ರಾಮಕ್ಕನ ಜೊತೆ ಹೊಲಿಗೆ ಕ್ಲಾಸು ನಡೆಸುತ್ತಿದ್ದವಳು. ಇಲ್ಲಿ ಕಿಟಕಿ ತೆಗೆದರೆ ಎದುರುಮನೆಯ ಗೋಡೆ. ಮೂರು ತಿಂಗಳು ತಾನೇ ಎಂದುಕೊಂಡಳು.

ಬಂಡಿ ನಿಲ್ಲಲಿಲ್ಲ. ಬೆಟ್ಟ ಹತ್ತಿತು. ಒಂದು ಗಾಲಿ ಕೆಟ್ಟರೆ ಅದನ್ನು ಎಳೆದುಕೊಂಡು ಹಿಮ್ಮುಖವಾಗಿ ನಡೆಯಿತು. ಆ ಗಾಲಿ ಕೆರೆದಲ್ಲಿ ಬಿಳಿ ಮಣ್ಣು ಕಂಡು, ಬಹಳ ಹಿಂದೆ ಇಲ್ಲಿ ಬಿಸಿನೀರಿನ ಬುಗ್ಗೆ ಇದ್ದಿರಬೇಕು, ಸಣ್ಣ ಜೀವಿಗಳು ಬದುಕಿದ್ದರೂ ಬದುಕಿರಬಹುದು ಎಂದರು ವಿಜ್ಞಾನಿಗಳು. ಇದನ್ನೆಲ್ಲ ಸ್ಕೂಲಿನಿಂದ ಹೊತ್ತು ತರುತ್ತಿದ್ದವಳು ಮಗಳು ಮಾಲಿನಿ. ಪ್ರತಿ ಸಲ ಭೈರೇಶನ ಮುಖ ಅರಳುತ್ತಿತ್ತು, ಕೋಮಲಾ ಒಲೆಯ ಕಡೆ ತಿರುಗುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಅದು ಮರಳಿನಲ್ಲಿ ಹೂತುಕೊಂಡಿತು. ಮಳೆಗಾಲ ಕಳೆದರೂ ಎದ್ದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ರಾಮಕ್ಕನ ಫೋನು ಬಂತು: "ಕ್ಲಾಸಲ್ಲಿ ನಿನ್ ಜಾಗಕ್ಕೆ ಬೇರೆಯವ್ರು ಕೇಳ್ತಾವ್ರೆ. ಎಷ್ಟು ದಿನ ಅಂತ ಕಾಯ್ಲಮ್ಮಿ? ಇವತ್ತು ಹೇಳ್ಬುಡು."

ಕೋಮಲಾ ಗಂಡನೆದುರು ಬಂದು ಕೂತಳು. "ಬಂಡಿ ನಿಂತೋಯ್ತಲ್ಲ. ಯಾವಾಗ ಹೊರಡೋಣ?"

"ನಿಂತಿಲ್ಲ ಕಣೆ, ಸಿಕ್ಕಾಕ್ಕೊಂಡೈತೆ. ಅಲ್ಲಿಂದ್ಲೇ ಸುದ್ದಿ ಕಳಿಸ್ತೈತೆ. ಬೇಕಾದ್ರೆ ಮಾಲಿನೀನ ಕೇಳು."

ಮಾಲಿನಿ ಇಬ್ಬರ ಮುಖವನ್ನೂ ನೋಡಿದಳು. "ಹೂತಿರೋ ಜಾಗದಲ್ಲೇ ಒಳ್ಳೇ ಮಣ್ಣು ಸಿಕ್ಕೈತಂತಮ್ಮ. ಕೂತ್ಕಂಡೇ ಪರೀಕ್ಷೆ ಮಾಡ್ತೈತಂತೆ."

"ನೋಡ್ದ್ಯಾ?" ಭೈರೇಶ್ ನಕ್ಕ. "ಸಿಕ್ಕಾಕ್ಕೊಂಡ್ರೂ ಒಳ್ಳೇದೇ ಆಯ್ತು."

"ಬಂಡಿಗೇನ್ರೀ, ಅದಕ್ಕೆ ಯಾವ ಅಕ್ಕ ಫೋನ್ ಮಾಡ್ತಾಳೆ? ಗಾಲಿ ತಿರುಗಿಸ್ದಷ್ಟೂ ಒಳಕ್ಕೇ ಹೋಯ್ತದಂತಲ್ಲ, ಅದ್ನೂ ಹೇಳೇ ಮಾಲಿನಿ."

ಭೈರೇಶನ ನಗು ಇಳಿಯಿತು.

"ಫ್ಯಾಕ್ಟರಿಯವ್ರು ಪರ್ಮನೆಂಟ್ ಮಾಡ್ತೀವಿ ಅಂದವ್ರೆ. ಈಗ ಬಿಟ್ರೆ ಐದು ವರ್ಷದ ದುಡಿಮೆ ನೀರಲ್ಲಿ ಹೋಮ. ಚಿಂತಾಮಣೀಲಿ ನಂಗೆ ಯಾವ ಕೆಲಸ ಐತೆ ಹೇಳು. ನಾನೂ ಅಲ್ಲಾಡೋ ಹಂಗಿಲ್ಲ ಕಣೆ."

"ಆಗಲ್ಲ ಅಂತ ಅವತ್ತೇ ಅಂದಿದ್ರೆ ಇಲ್ಲೇ ಒಂದು ಕ್ಲಾಸು ಸುರು ಮಾಡ್ತಿದ್ದೆ. ಇವತ್ತೋ ನಾಳೆಯೋ ಹೊರಡೋಳು ಅಂತ ಈ ಗೋಡೆಗೆ ಒಂದು ಮೊಳೇನೂ ಹೊಡೀಲಿಲ್ಲ ನಾನು."

ಕೋಮಲಾ ಅವನ ಮುಂದೆಯೇ ಅಕ್ಕನಿಗೆ ಫೋನ್ ಮಾಡಿದಳು.

"ಬೇರೆಯವ್ರಿಗೇ ಕೊಟ್ಬುಡಕ್ಕ."

ಮುಂದಿನ ಜನವರಿಯಲ್ಲಿ, ಬಂಡಿ ಇನ್ನು ಚಲಿಸುವುದಿಲ್ಲ ಎಂದು ವಿಜ್ಞಾನಿಗಳು ಒಪ್ಪಿಕೊಂಡರು. ಭೈರೇಶನ ಸಂಸಾರ ಮೂಕಂಡಪಲ್ಲಿಯಲ್ಲೇ ಉಳಿಯಿತು. ಕೊಟ್ಟ ಮಾತನ್ನು ಅವನು ನಡೆಸಿಕೊಡಲಿಲ್ಲ.