ಸೆಸಿಲ್ ಎಂದರೆ

"ಹೆಸರಿನ ಕಾರ್ಡು ಬರೆಯೋರು ಇಲ್ಲೇ ಅಲ್ವಾ ಇರೋದು?"

ಕೇಳುತ್ತ ಒಳಬಂದ ಮುದುಕರ ಕೈಯಲ್ಲಿ ಬಿಳಿ ಕೋಲು ಕಂಡದ್ದೇ ಹೆಸರಮ್ಮನ ಪೆನ್ನು ಅರ್ಧ ಅಕ್ಷರದಲ್ಲೇ ನಿಂತಿತು. ಅವರು ಕಂಕುಳಲ್ಲಿ ಅವಚಿಕೊಂಡಿದ್ದ ಫ್ರೇಮನ್ನು ಅವಳು ಹಿಂಬದಿಯಿಂದಲೇ ಗುರುತು ಹಿಡಿದಳು. ಅದಕ್ಕೆ ಮೊಳೆ ಹೊಡೆದವಳು ಅವಳೇ.

ಹೆಸರಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಉಡುಗೊರೆ ಅಂಗಡಿಯ ಮೂಲೆಯ ಮೇಜಿನಲ್ಲಿ ಕೂತು ಹನ್ನೊಂದು ವರ್ಷದಿಂದ ಅವಳು ಮಾಡುತ್ತಿರುವುದು ಒಂದೇ ಕೆಲಸ. ಗಿರಾಕಿ ಹೇಳಿದ ಹೆಸರನ್ನು ದಪ್ಪ ಪುಸ್ತಕದಲ್ಲಿ ಹುಡುಕಿ, ಅದು ಎಲ್ಲಿಂದ ಬಂತು, ಅರ್ಥವೇನು ಎಂದು ಕಾರ್ಡಿನ ಮೇಲೆ ಅಂದವಾಗಿ ಬರೆದು ಫ್ರೇಮು ಹಾಕಿ ಕೊಡುವುದು. ಯಜಮಾನರದ್ದು ಒಂದೇ ಕಟ್ಟಪ್ಪಣೆ: "ಮನಸ್ಸಿಗೆ ಬೇಜಾರಾಗೋ ಅರ್ಥ ಬರೀಬೇಡಮ್ಮ." ಹಾಗಾಗಿ ಪುಸ್ತಕ 'ಬೋಳುತಲೆಯವನು' ಎಂದರೆ ಇವಳು 'ಹೊಳೆಯುವ ಹಣೆಯವನು' ಎಂದು ಬರೆಯುತ್ತಿದ್ದಳು. 'ಕುಂಟ' ಎಂದಿದ್ದರೆ 'ಆತುರಪಡದ ವಿವೇಕಿ'. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನರ ನಡುವೆ ಇದೇನು ಮಹಾ ಎಂದು ಆರಾಮವಾಗಿಯೇ ಇದ್ದಳು.

ಹೋದ ತಿಂಗಳು ಸಂಗೀತ ಶಾಲೆಯ ನಾಲ್ವರು ಮಕ್ಕಳು ಬಂದಿದ್ದರು. "ನಮ್ಮ ಪಿಯಾನೋ ಮೇಷ್ಟ್ರಿಗೆ ಎಪ್ಪತ್ತು ತುಂಬುತ್ತೆ. ಸೆಸಿಲ್ ಅಂತ ಹೆಸರು. ಅವರಿಗೆ ಕಣ್ಣು ಕಾಣಲ್ಲ, ನಾವೇ ಓದಿ ಹೇಳ್ತೀವಿ" ಎಂದಿದ್ದರು. ಹೆಸರಮ್ಮ ಪುಸ್ತಕ ತೆರೆದು ಹುಡುಕಿದಳು. ರೋಮಿನ ಹಳೆಯ ಮನೆತನವೊಂದರಿಂದ ಬಂದ ಹೆಸರು. ಅದರ ಬೇರಿನಲ್ಲಿರುವ ಲ್ಯಾಟಿನ್ ಪದಕ್ಕೆ 'ಕುರುಡ' ಎಂದರ್ಥ. ಅಯ್ಯೋ ಪಾಪ ಎಂದುಕೊಂಡು ಹೆಸರಮ್ಮ 'ಬೆಳಕು ಹಂಚುವವನು' ಎಂದು ಬರೆದಳು. ಅದೂ ಚಿನ್ನದ ಬಣ್ಣದ ಶಾಯಿಯಲ್ಲಿ. ದೊಡ್ಡ ಪುಣ್ಯ ಕಟ್ಟಿಕೊಂಡವಳ ಹಾಗೆ ಒಂದು ವಾರ ಬೀಗಿದ್ದೂ ಉಂಟು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದಳು.

"ಮೇಷ್ಟ್ರು ಅಂತ ಗೊತ್ತಾಯ್ತಲ್ಲ, ಹಾಗಾದ್ರೆ ಬರೆದೋರು ನೀವೇ." ಅವರು ಫ್ರೇಮನ್ನು ಮೇಜಿನ ಮೇಲಿಟ್ಟರು. "ಪುಸ್ತಕದಲ್ಲಿ ಏನಿತ್ತಮ್ಮ?"

"ಒಂದೊಂದು ಹೆಸರಿಗೆ ಎರಡು ಮೂರು ಅರ್ಥ ಕೊಟ್ಟಿರ್ತಾರೆ ಸಾರ್..." ಹೇಳುತ್ತಿರುವಾಗಲೇ ಅದೂ ಸುಳ್ಳೆಂದು ಹೊಳೆದು ಅವಳ ಕಿವಿ ಬಿಸಿಯಾಯಿತು.

"ಇದಕ್ಕೆ ಒಂದೇ. ನನ್ನ ಕಣ್ಣು ಹೋಗಿದ್ದು ಆರನೇ ವಯಸ್ಸಿಗೆ. ಹೆಸರು ಅದಕ್ಕೂ ಮುಂಚಿಂದು, ನಮ್ಮಜ್ಜಂದು. ಅವರೋ, ಎಂಬತ್ತು ದಾಟಿದ್ರೂ ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತಿದ್ರು. ಹೆಸರು ನನಗೆ ದಂಡ ಆಯ್ತು, ನೀನಾದ್ರೂ ಉಪಯೋಗಿಸ್ಕೊಂಡೆ ಅಂತಿದ್ರು. ಇಬ್ರೂ ನಗ್ತಿದ್ವಿ."

ಹೆಸರಮ್ಮನಿಗೆ ನಗು ಬರಲಿಲ್ಲ. ಇವರು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಲ್ಲರೆದುರಿಗೆ ಮಕ್ಕಳು ಇದನ್ನ ಓದಿದ್ರು. ಥ್ಯಾಂಕ್ಸ್ ಅಂದೆ, ಇನ್ನೇನ್ ಹೇಳ್ಲಿ. ಮಾರನೇ ದಿನ ಯಾರೋ ಫೋನಲ್ಲಿ ಹುಡುಕಿದಾರೆ. ನಿಜ ಗೊತ್ತಾಗಿದೆ. ಬಾಯ್ತುಂಬ 'ಸೆಸಿಲ್ ಸಾರ್' ಅಂತಿದ್ದೋರು ಈಗ ಬರೀ 'ಸಾರ್' ಅಂತಾರೆ. ತಪ್ಪು ನುಡಿಸಿದೆ ಅಂದ್ರೆ ಮೊದಲೆಲ್ಲ ಜಗಳಕ್ಕೇ ಬರೋರು, ಈಗ ತೆಪ್ಪಗಿರ್ತಾರೆ. ನಾನು ಅವರಿಗೆ ಪಾಪದೋನು ಆಗ್ಬಿಟ್ಟೆ ಕಣಮ್ಮ. ನಲವತ್ತು ವರ್ಷ ಪಾಠ ಹೇಳಿದೀನಿ, ಯಾವತ್ತೂ ಹಾಗಾಗಿರ್ಲಿಲ್ಲ."

"ತಪ್ಪಾಯ್ತು ಸಾರ್." ನೆಲ ಬಾಯಿಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಗಿತ್ತು ಅವಳಿಗೆ. ಇವರಿಗೆ ತನ್ನ ಮುಖ ಕಾಣುವುದಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಇದ್ದದ್ದು ಇದ್ದ ಹಾಗೆ ಬರ್ಕೊಡಿ. ಪಿಯಾನೋ ಮೇಲೆ ನೇತು ಹಾಕ್ತೀನಿ. ಮಕ್ಕಳು ಓದ್ಲಿ, ನಗೋದಿದ್ರೆ ನಗ್ಲಿ."

ಗಲ್ಲಾದಿಂದ ಯಜಮಾನರು ಕೆಮ್ಮಿದರು. "ಅಂಥದ್ದೆಲ್ಲ ನಮ್ಮಲ್ಲಿ ಬರೆಯಲ್ಲ ಸಾರ್."

ಹೆಸರಮ್ಮ ಅತ್ತ ತಿರುಗದೆ ಹೊಸ ಕಾರ್ಡು ಎಳೆದುಕೊಂಡಳು. ಮೊದಲನೆಯದು ಕೆಟ್ಟಿತು. ಎರಡನೆಯದು ಪರವಾಗಿಲ್ಲ ಎನ್ನುವಂತೆ ಬಂತು. ಕಪ್ಪು ಶಾಯಿ ಆರಿದ ಮೇಲೆ ಹಳೆಯದನ್ನು ತೆಗೆದು ಅದೇ ಫ್ರೇಮಿಗೆ ಕೂರಿಸಿದಳು.

"ಓದಿ ಹೇಳಿ. ಹೋದ ಸಲ ನಂಬಿ ಕೆಟ್ಟಿದೀನಿ."

ಗೊಂಬೆಗಳ ಕಪಾಟಿನ ಹತ್ತಿರ ಇಬ್ಬರು ಗಿರಾಕಿಗಳಿದ್ದರು. ರೋಮು, ಮನೆತನ, ಲ್ಯಾಟಿನ್ ಎಲ್ಲವನ್ನೂ ಅವಳು ಸರಾಗವಾಗಿ ಓದಿದಳು. ಕೊನೆಯ ಪದದ ಹತ್ತಿರ ಅವಳ ಕಣ್ಣು ಆ ಗಿರಾಕಿಗಳತ್ತ ಹೋಯಿತು.

"ಕುರುಡ" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಸ್ವಲ್ಪ ಜೋರಾಗಮ್ಮ."

"ಕುರುಡ."

ಗಿರಾಕಿಗಳು ತಿರುಗಿ ಅವಳನ್ನೇ ನೋಡಿದರು. ಎಂಥ ಹೆಂಗಸು ಇವಳು ಎನ್ನುವ ನೋಟ. ಮೇಷ್ಟ್ರು ಮಾತ್ರ, ತಡವರಿಸುತ್ತಿದ್ದ ಮಕ್ಕಳು ಕೊನೆಗೂ ಸರಿಯಾದ ಸ್ವರ ಹಿಡಿದಾಗ ಆಡಿಸುವಂತೆ ತಲೆಯಾಡಿಸಿದರು. ಫ್ರೇಮನ್ನು ಕಂಕುಳಿಗೆ ಸೇರಿಸಿ, "ಬರ್ತೀನಮ್ಮ" ಎಂದು ಹೊರಟರು.

ಬಾಗಿಲ ಹತ್ತಿರ ಅವರ ಕೈ ಹಿಡಿಕೆಗಾಗಿ ತಡಕಾಡಿತು. ಹೆಸರಮ್ಮ ದಡಕ್ಕನೆ ಎದ್ದಳು. ಎದ್ದವಳು ಮೇಜನ್ನು ಹಿಡಿದುಕೊಂಡು ಅಲ್ಲೇ ನಿಂತಳು. ಕೈ ಗಾಜಿಗೆ ತಾಗಿತು, ಆಮೇಲೆ ಚೌಕಟ್ಟಿಗೆ. ಮೂರನೇ ಸಲಕ್ಕೆ ಹಿಡಿಕೆ ಸಿಕ್ಕಿತು.