ಅರ್ಧ ಕಿಲೋ ಅದಿರು

"ಬಿಚ್ಚಬೇ ಚೀಲ! ಕಳ್ಳ ಮುಂಡೆ, ಬಿಚ್ಚು!"

ಹುಲುಗಮ್ಮ ಬಿಚ್ಚುವವರೆಗೂ ದೊಡ್ಡಬಸಪ್ಪ ಎಲ್ಲಿ ಕಾದ? ತಾನೇ ಕಿತ್ತುಕೊಂಡು ಬಿಳಿ ಮಾರ್ಬಲ್ ನೆಲದ ಮೇಲೆ ಬೋರಲು ಹಾಕಿದ. ಹತ್ತನೇ ತರಗತಿಯ ಗಣಿತ, ವಿಜ್ಞಾನದ ಪುಸ್ತಕ, ನೋಟ್‌ಬುಕ್, ಕಂಪಾಸ್ ಪೆಟ್ಟಿಗೆ, ರೊಟ್ಟಿ ಕಟ್ಟಿದ್ದ ಬಟ್ಟೆ ಬಿದ್ದವು. ಕೊನೆಗೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಅದಿರಿನ ಕಲ್ಲೊಂದು ಉರುಳಿ ಸೋಫಾದ ಕಾಲಿಗೆ ತಗುಲಿ ನಿಂತಿತು.

"ನೋಡಲೇ ಎರ್ರೆಪ್ಪ! ಪಾಠ ಹೇಳ್ತೀನಂತ ಬಂದು ನನ್ನ ಮಾಲಿಗೇ ಕೈ ಹಾಕ್ಯಾಳ. ಗೇಟಿನಾಗ ನಿಂತು ಏನ್ ಸಗಣಿ ತಟ್ತಿದ್ದೆಲೇ?"

ಎರ್ರೆಪ್ಪ ತಲೆ ತಗ್ಗಿಸಿದ. ಹೊರಗೆ ಹೋಗುವ ಆಳುಗಳ ಚೀಲ ತಡಕುವುದೇ ಅವನ ಕೆಲಸ. ಬಿ.ಎಸ್ಸಿ. ಓದಿದ ಹುಡುಗಿಯ ಚೀಲಕ್ಕೆ ಕೈ ಹಾಕಲು ನಾಚಿ ಇಷ್ಟು ದಿನ ಬಿಟ್ಟಿದ್ದ.

"ಪಾಠಕ್ಕ ತಂದಿದ್ನಿರಿ," ಎಂದಳು ಹುಲುಗಮ್ಮ. "ಸಾಂದ್ರತೆ ಅಂದ್ರ ಏನಂತ ತೋರ್ಸಾಕ. ನಮ್ಮವ್ವ ಕೊಟ್ಟಿದ್ಲು."

ಅಷ್ಟು ಸಾಕಾಯಿತು ಸಾವುಕಾರನಿಗೆ. ಅವಳವ್ವ ದುರುಗವ್ವ ಸಂಡೂರಿನ ಗುಡ್ಡದಲ್ಲಿ ಇವನದೇ ಗಣಿಯಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುವವಳು.

ದೊಡ್ಡಬಸಪ್ಪನೇನು ಸಾಮಾನ್ಯನೇ! ಆರು ವರ್ಷದ ಹಿಂದೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ತೌಡಿಗೂ ಚೌಕಾಸಿ ಮಾಡುತ್ತಿದ್ದವನು. ಚೀನಾದವರು ಕೆಂಪು ಮಣ್ಣಿಗೆ ರೇಟು ಕಟ್ಟಿದ್ದೇ ತಡ, ಹೊಸಪೇಟೆಯಲ್ಲಿ ಮೂರಂತಸ್ತು ಎದ್ದು ನಿಂತಿತು. ದುಡ್ಡು ಏನೆಲ್ಲ ತಂದರೂ ಮಗ ಮುರುಗೇಶನ ತಲೆಗೆ ಲೆಕ್ಕ ಮಾತ್ರ ತರಲಿಲ್ಲ. ಹುಡುಗ ಹತ್ತನೇ ತರಗತಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದ. ಗುಣಿಸಲು ಕೂತರೆ ಒಂದೆರಡು ಸೊನ್ನೆ ನುಂಗಿ ನೀರು ಕುಡಿದುಬಿಡುತ್ತಿದ್ದ. ಮೂವರು ಮೇಷ್ಟ್ರುಗಳು ಕೈಮುಗಿದು ಓಡಿದ ಮೇಲೆ ಹುಲುಗಮ್ಮ ಬಂದಳು. ಕೂರಲು ಅವಳಿಗೆ ಬಾಗಿಲ ಬಳಿ ಒಂದು ಗೋಣಿತಟ್ಟು. ಇಂಥ ಜಾತಿಯವಳನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೇನೆಂದು ಸಾವುಕಾರ ಬಂದವರೆದುರೆಲ್ಲ ಮೀಸೆ ತಿರುವುತ್ತಿದ್ದ.

ಅದೇ ತಟ್ಟಿನ ಮೇಲೆ ಕೂತು ಅವಳು ಇವತ್ತು ಮುರುಗೇಶನ ಒಂದು ಕೈಗೆ ಬೀದಿಯ ಕಲ್ಲು, ಇನ್ನೊಂದು ಕೈಗೆ ಅಷ್ಟೇ ದಪ್ಪದ ಅದಿರು ಇಟ್ಟಿದ್ದಳು. "ಅಯ್ಯ, ಇದು ಭಾಳ ವಜ್ಜಿ ಐತಲ್ರಿ ಟೀಚರ್!" ಎಂದು ಹುಡುಗ ಕಣ್ಣರಳಿಸಿದ್ದ. ಎಂಟನೇ ತರಗತಿಯಲ್ಲಿ ಹತ್ತಬೇಕಿದ್ದ ಪಾಠ ಅಂತೂ ತಲೆಗೆ ಹತ್ತಿತ್ತು. ಅವಳು ಅದಿರನ್ನು ಚೀಲಕ್ಕೆ ಹಾಕಿಕೊಳ್ಳುತ್ತಿರುವಾಗಲೇ ಬಂದಿತ್ತು ಅಪ್ಪನ ಸವಾರಿ.

ಗಂಟೆ ಕಳೆಯುವುದರೊಳಗೆ ದುರುಗವ್ವನನ್ನು ಅದಿರಿನ ಲಾರಿಯಲ್ಲೇ ತರಿಸಿದರು. ಅಡಿಯಿಂದ ಮುಡಿಯವರೆಗೆ ಕೆಂಧೂಳು ಹೊತ್ತ ಅವಳನ್ನು ಮೆಟ್ಟಿಲ ಕೆಳಗೇ ತಡೆದು, ತಲೆಯ ಮೇಲೆ ಆ ಕಲ್ಲು ಇಡಿಸಿದ ಸಾವುಕಾರ. ದಿನವಿಡೀ ಬುಟ್ಟಿ ಹೊರುವ ತಲೆಗೆ ಅರ್ಧ ಕಿಲೋ ಯಾವ ಲೆಕ್ಕ? ಆದರೂ ಮುದುಕಿಯ ಕುತ್ತಿಗೆ ಬಗ್ಗಿತು.

"ತಪ್ಪಾತ್ರಿ ಸಾವ್ಕಾರ್ರ. ಗುಡ್ಡದ ತುಂಬ ಬಿದ್ದಿತ್ತು, ಒಂದ್ ತುಣುಕು ಅಂತ..."

"ಗುಡ್ಡ ನಿಮ್ಮಪ್ಪಂದೇನಬೇ ಬೋಸುಡಿ?" ದೊಡ್ಡಬಸಪ್ಪ ಅವಳ ಮಗಳ ಕಡೆ ತಿರುಗಿದ. "ಏ ಹುಲುಗಿ, 'ನಾ ಕಳ್ಳಿ' ಅಂತ ಹೇಳಿ ನನ್ನ ಕಾಲು ಹಿಡಿ. ಪರೀಕ್ಷಿ ಇನ್ನ ಒಂಬತ್ ದಿನ ಐತಿ, ಅಲ್ಲೀತನಕ ಪುಗಸಟ್ಟೆ ಪಾಠ ಹೇಳು. ಇಲ್ಲಾಂದ್ರ ನಾಳಿಂದ ನಿಮ್ಮವ್ವಗ ಕೆಲಸ ಬಂದ್. ಬ್ಯಾರೆ ಗಣಿಯಾಗೂ ಯಾವನೂ ಕರೀದಂಗ ಮಾಡ್ತೀನಿ."

"ಹಿಡದುಬಿಡವ್ವ," ಎಂದು ದುರುಗವ್ವ ಅತ್ತಳು. "ಕಾಲು ಹಿಡದ್ರ ಕೈ ಏನ್ ಸವೀತಾವ?"

 ಹುಲುಗಮ್ಮ ಬಗ್ಗಿದಳು. ಸಾವುಕಾರ ಆಗಲೇ ಬಲಗಾಲು ಮುಂದಿಟ್ಟಿದ್ದ. ಅವಳು ಕಾಲ ಬಳಿ ಬಿದ್ದಿದ್ದ ನೋಟ್‌ಬುಕ್ ಎತ್ತಿ, ಬಾಗಿಲ ಬಳಿ ನಿಂತಿದ್ದ ಮುರುಗೇಶನಿಗೆ ಕೊಟ್ಟಳು.

"ಬರ್ಕೋ ಮುರುಗೇಶ್. ಇವತ್ತಿನ ಲೆಕ್ಕ ಬಾಕಿ ಐತಿ."

"ಹಾಂ, ಈಗ ಬಂದ್ಲು ನೋಡು ದಾರಿಗಿ!" ದೊಡ್ಡಬಸಪ್ಪ ನಕ್ಕು ಸೋಫಾಕ್ಕೆ ಒರಗಿದ. "ಹೇಳು ಹೇಳು, ನಾನೂ ಕೇಳ್ತೀನಿ."

"ಒಂದು ಲಾರಿ. ಪರ್ಮಿಟ್ ಹತ್ತು ಟನ್ನಿಂದು, ತುಂಬಿದ್ದು ಇಪ್ಪತ್ತು ಟನ್. ಹೆಚ್ಚಿಗಿ ತುಂಬಿದ್ದು ಎಷ್ಟು ಕಿಲೋ?"

"ಹತ್ತು... ಸಾವಿರ ಕಿಲೋ, ಟೀಚರ್."

"ದಿನಕ್ಕ ಐವತ್ತು ಲಾರಿ."

ಹುಡುಗ ನಾಲಿಗೆ ಕಚ್ಚಿ ಗುಣಿಸಿದ. "ಐದು ಲಕ್ಷ ಕಿಲೋ!"

ಸಾವುಕಾರನ ನಗು ಬಾಯಲ್ಲೇ ಒಣಗಿತು. "ಏ... ಸಾಕು ನಿಲ್ಸಬೇ!"

"ನಮ್ಮವ್ವನ ತಲಿ ಮ್ಯಾಲಿನ ಕಲ್ಲು ಅರ್ಧ ಕಿಲೋ. ಅಂಥಾ ಕಲ್ಲು ದಿನಕ್ಕ ಎಷ್ಟು ಕಳುವಾದ್ವು?"

ಮುರುಗೇಶನ ಪೆನ್ನು ನಿಲ್ಲಲಿಲ್ಲ. ಲೆಕ್ಕ ಹತ್ತಿದ ಹುರುಪಿನಲ್ಲಿ ಅವನಿಗೆ ಅಪ್ಪನ ಮುಖವೂ ಕಾಣಲಿಲ್ಲ. "ಹತ್ತು ಲಕ್ಷ!" ಎಂದು ಮನೆಯೆಲ್ಲ ಕೇಳುವಂತೆ ಕೂಗಿದ. ಹುಟ್ಟಿದಾಗಿನಿಂದ ಇದೇ ಮೊದಲು, ಒಂದು ಸೊನ್ನೆಯನ್ನೂ ಅವನು ನುಂಗಿರಲಿಲ್ಲ.

ಫಟಾರೆಂದು ಕೆನ್ನೆಗೆ ಬಿತ್ತು.

"ಯಾಕಪ್ಪಾ? ಉತ್ತರ ಸರಿ ಐತಲ್ಲ!" ಎಂದು ಹುಡುಗ ಕೆನ್ನೆ ಹಿಡಿದುಕೊಂಡು ಅತ್ತ.

ಹುಲುಗಮ್ಮ ಪುಸ್ತಕಗಳನ್ನು ಆರಿಸಿಕೊಂಡು ಮೆಟ್ಟಿಲಿಳಿದು, ಅವ್ವನ ತಲೆಯ ಮೇಲಿದ್ದ ಕಲ್ಲು ತೆಗೆದು ಚೀಲಕ್ಕೆ ಹಾಕಿದಳು. "ನಾಳಿ ಏನ್ ಉಣ್ಣೋದಬೇ?" ಎಂದು ದುರುಗವ್ವ ಗೋಗರೆದಳು.  ಹುಲುಗಮ್ಮ ಅವ್ವನ ಕೈ ಹಿಡಿದು ಗೇಟಿನ ಕಡೆ ನಡೆದಳು.

"ಹಿಡಿಯಲೇ ಎರ್ರೆಪ್ಪ! ಚೀಲ ನೋಡು, ಮಾಲು ಐತಿ!" ಹಿಂದಿನಿಂದ ಸಾವುಕಾರ ಅರಚುತ್ತಿದ್ದ.

ಹುಲುಗಮ್ಮ ತಾನೇ ಚೀಲ ಬಿಚ್ಚಿ ಹಿಡಿದಳು. "ನೋಡ್ಕೋ ಯಣ್ಣ. ಐತಿ, ಒಂದ."

ಎರ್ರೆಪ್ಪ ಒಳಗೆ ಇಣುಕಿ ನೋಡಿದ. ಒಮ್ಮೆ ಮನೆಯ ಕಡೆ ನೋಡಿದ. ಆಳುಗಳು ಬಗ್ಗಿ ಹೋಗುವ ಚಿಕ್ಕ ಬಾಗಿಲು ಅವನ ಪಕ್ಕದಲ್ಲೇ ತೆರೆದಿತ್ತು. ಅದನ್ನು ಕಾಲಿನಿಂದ ಮುಚ್ಚಿ, ಸಾವುಕಾರನ ಕಾರಿಗಷ್ಟೇ ತೆಗೆಯುತ್ತಿದ್ದ ದೊಡ್ಡ ಗೇಟಿನ ಅಗಳಿ ಎಳೆದು ತಾಯಿ-ಮಗಳಿಗೆ ಅಗಲವಾಗಿ ತೆರೆದ.