ತೋರಿಸದ ಕಿಟಕಿ

ಆ ಫ್ಲ್ಯಾಟಿಗೆ ನಾಲ್ಕು ಕಿಟಕಿ. ಅಪರ್ಣಾ ಮಾವನಿಗೆ ತೋರಿಸಿದ್ದು ಮೂರನ್ನೇ.

ಅದೂ ಫೋನಿನಲ್ಲಿ. ಲಾಕ್‌ಡೌನಿನ ಕಾಲ; ಮನೆ ಮಾರುವವರು ವಿಡಿಯೊ ಕಳಿಸುತ್ತಿದ್ದರು, ಕೊಳ್ಳುವವರು ಸೋಫಾದಲ್ಲಿ ಕೂತೇ ಮನೆಯೆಲ್ಲ ಸುತ್ತಿ ಬರುತ್ತಿದ್ದರು. ವಾಟರ್‌ಫರ್ಡ್ ಎಂಬ ಐರಿಶ್ ಊರಿನ ಅಂಚಿನ ನೂರೈವತ್ತು ವರ್ಷದ ಕಾನ್ವೆಂಟ್ ಅದು. ಅಲ್ಲಿದ್ದ ಕ್ರೈಸ್ತ ಸನ್ಯಾಸಿನಿಯರೆಲ್ಲ ಹೋದಮೇಲೆ ಯಾರೋ ಕೊಂಡು ಹನ್ನೆರಡು ಫ್ಲ್ಯಾಟ್ ಮಾಡಿದ್ದರು. ಪ್ರಾರ್ಥನಾ ಮಂದಿರದ ಮೇಲ್ಭಾಗದ ಮನೆ ಅಪರ್ಣಾಳ ಮನಸ್ಸನ್ನು ಹಿಡಿದುಬಿಟ್ಟಿತ್ತು. ಬಣ್ಣದ ಗಾಜು, ಎರಡಾಳೆತ್ತರದ ಸೂರು, ಕಾಲಿಟ್ಟರೆ ಮಾತಾಡುವ ಹಲಗೆಯ ನೆಲ. ಎಲ್ಲಕ್ಕಿಂತ ಮಿಗಿಲಾಗಿ, ಮೂರು ಕೋಣೆ.

ಈಗಿದ್ದ ಬಾಡಿಗೆ ಮನೆಗೆ ಇದ್ದದ್ದು ಒಂದೇ ಕೋಣೆ. ಗಂಡ ರಜತ್ ಅದೇ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಕೋವಿಡ್ ವಾರ್ಡಿನಿಂದ ಬಂದು ಅಡಿಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ಸೋಫಾ ಅವನ ಅಪ್ಪ ಶಿವರುದ್ರಪ್ಪನವರದು. ತಿಪಟೂರು ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು, ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಬಂದು, ವಿಮಾನ ನಿಂತು, ಆಗಸ್ಟಿಗೂ ಇಲ್ಲೇ ಉಳಿದಿದ್ದರು. ಎಪ್ಪತ್ತೆರಡು ವಯಸ್ಸು, ಮೊದಲೇ ಉಬ್ಬಸದ ಎದೆ. ಮಗ ತಂದದ್ದು ಅಪ್ಪನಿಗೆ ತಗಲಿದರೆ? ಅವರು ಒಮ್ಮೆ ಕೆಮ್ಮಿದರೂ ಅಪರ್ಣಾಳ ಜೀವ ಬಾಯಿಗೆ ಬರುತ್ತಿತ್ತು.

"ಅಪ್ಪ ಹೂಂ ಅಂದ್ರೆ ಸೈನ್ ಮಾಡೋಣ, ಬೇಡ ಅಂದ್ರೆ ಬೇಡ. ಅವರೂ ಇರೋ ಮನೆ ಅಲ್ವಾ?" ಎಂದಿದ್ದ ರಜತ್.

ತೊಡಕಿದ್ದದ್ದು ನಾಲ್ಕನೆಯ ಕಿಟಕಿಯಲ್ಲಿ. ಅದರ ಕೆಳಗೇ ಆ ಸನ್ಯಾಸಿನಿಯರ ಸಮಾಧಿಗಳು; ಒಂದೇ ಅಳತೆಯ ಪುಟ್ಟ ಕಬ್ಬಿಣದ ಶಿಲುಬೆಗಳ ಸಾಲು. ಅಪರ್ಣಾ ಬೆಳೆದ ಮೈಸೂರಿನ ಅಗ್ರಹಾರದಲ್ಲಿ ಬೀದಿಯಲ್ಲಿ ಹೆಣ ಹಾದರೆ ಅಜ್ಜಿ ಬಾಗಿಲು ಹಾಕಿಸುತ್ತಿದ್ದರು. ಸಾವಿನ ಮನೆಗೆ ಹೋಗಿ ಬಂದವರಿಗೆ ಹಿತ್ತಿಲಲ್ಲೇ ಸ್ನಾನ. ಇನ್ನು ದಿನಾ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವ ಮಾವ ಸ್ಮಶಾನಕ್ಕೆ ಮುಖ ಮಾಡಿದ ಮನೆಗೆ ಬಂದಾರೆಯೆ? ರಜತನಿಗೂ ಅವಳು ಹೇಳಿರಲಿಲ್ಲ. ಅವನ ಬಾಯಲ್ಲಿ ಎಳ್ಳು ಕಾಳೂ ನೆನೆಯದು.

ಅಷ್ಟರಲ್ಲಿ ನಿಯಮ ಸಡಿಲವಾಗಿ ಏಜೆಂಟ್ ನೂಲಾಳ ಫೋನ್ ಬಂತು. ಇಬ್ಬರು ಬಂದು ನೋಡಬಹುದು, ಹದಿನೈದೇ ನಿಮಿಷ. ಕೇಳುವವರು ಇನ್ನೊಬ್ಬರಿದ್ದಾರೆ, ಸಂಜೆಯೊಳಗೆ ಮಾತು ಕೊಡಬೇಕು. ರಜತ್ ಡ್ಯೂಟಿಯಲ್ಲಿದ್ದ. ಮಾವ ಆಗಲೇ ಮಫ್ಲರ್ ಸುತ್ತಿ ತಯಾರಾಗಿದ್ದರು.

ಆ ಫ್ಲ್ಯಾಟಿನ ಬಾಗಿಲ ಪಕ್ಕದ ಗೋಡೆಯಲ್ಲೊಂದು ಕಲ್ಲಿನ ಬಟ್ಟಲು. ಅದರೊಳಗೆ ಸ್ಯಾನಿಟೈಸರ್ ಬಾಟಲಿ.

"ಗೋಡೇಲಿ ಇದೇನವ್ವ?"

"ಮುಂಚೆ ಅದ್ರಲ್ಲಿ ತೀರ್ಥ ಇಡ್ತಿದ್ರಂತೆ ಮಾವ."

"ಈಗ್ಲೂ ತೀರ್ಥವೇ ಬಿಡು," ಎನ್ನುತ್ತ ಎರಡು ಸಲ ಒತ್ತಿ ಕೈ ಉಜ್ಜಿಕೊಂಡರು.

ಅಪರ್ಣಾ ಮುಂದಾಗಿ ಓಡಿ ನಾಲ್ಕನೆಯ ಕಿಟಕಿಗೆ ಬೆನ್ನು ಕೊಟ್ಟು ನಿಂತಳು. "ಅಡಿಗೆಮನೆ ನೋಡಿ ಮಾವ."

"ಫೋನಲ್ಲೇ ಮೂರು ಸಲ ನೋಡ್ದೆ. ನೀನು ಪಕ್ಕಕ್ಕೆ ಸರಿ."

"ಇಲ್ಲೇನೂ ಇಲ್ಲ ಮಾವ."

"ಕಂಡಕ್ಟರ್ ಆಗಿದ್ದೋನು ಕಣವ್ವ ನಾನು. ಟಿಕೆಟ್ ತಗೊಳ್ದೆ ಇರೋರು ಹಿಂಗೇ ಕಿಟಕಿಗೆ ಅಂಟ್ಕೊಂಡಿರ್ತಾರೆ."

ಅವಳು ಸರಿದಳು. ಶಿವರುದ್ರಪ್ಪ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಯಾರವು?"

"ಇಲ್ಲೇ ಇದ್ದ ಸನ್ಯಾಸಿನಿಯರದು. ಬಡಮಕ್ಕಳಿಗೆ ಶಾಲೆ ನಡೆಸ್ತಿದ್ರಂತೆ, ರೋಗಿಗಳ ಸೇವೆ ಮಾಡ್ತಿದ್ರಂತೆ. ಬೇಕಂತಲೇ ಮುಚ್ಚಿಟ್ಟೆ ಮಾವ, ತಪ್ಪಾಯ್ತು. ಇಂಥ ಕಡೆ ನಿಮ್ಮ ಪೂಜೆ..."

ಶಿವರುದ್ರಪ್ಪ ಬೂಟು ಬಿಚ್ಚಿ ಬದಿಗಿಟ್ಟರು. ಕಿಟಕಿಗೆ ಕೈಮುಗಿದು, ಮಾಸ್ಕಿನೊಳಗೇ ಒಂದು ವಚನ ಗುನುಗಿದರು.

"ಅಯ್ಯೋ ಹುಚ್ಚಿ! ನಮ್ಮಲ್ಲಿ ಸುಡಲ್ಲ ಕಣೆ, ಮಣ್ಣಿಗಿಡೋದು. ಮಠದಲ್ಲಿ ಅಜ್ಜಯ್ಯನ ಸಮಾಧಿನೇ ನಮಗೆ ಗದ್ದುಗೆ. ಅದಕ್ಕೇ ಹೂವ ಏರ್ಸೋದು, ಅದರ ಮುಂದೇನೇ ಕೂತು ಪ್ರಸಾದ ಉಣ್ಣೋದು. ಸೂತಕ ಗೀತಕ ಅಂದ್ರೆ ನಮ್ಮಪ್ಪ ಉಗೀತಿದ್ದ. ಸೊಸೆಯಾಗಿ ಬಂದು ಎಂಟು ವರ್ಷ ಆಯ್ತು, ಒಂದ್ಮಾತು ಕೇಳ್ಬಾರ್ದಿತ್ತಾ?"

"ಹೆದರಿಕೆ ಆಯ್ತು."

"ಹೆದರಿಕೆ ನಂಗೂ ಇತ್ತು. ಆ ಕಿಟಕಿ ಒಂದೇ ಬಿಟ್ಟು ತೋರಿಸ್ತೀಯಲ್ಲ, ಆಚೆ ಕಸಾಯಿಖಾನೆ ಐತೇನೋ ಅಂತಿದ್ದೆ!"

ಆರು ತಿಂಗಳಿಂದ ಎದೆಯಲ್ಲಿ ಹೆಪ್ಪುಗಟ್ಟಿದ್ದ ಉಸಿರು ನಗುವಾಗಿ ಹೊರಬಿತ್ತು. ಮಾಸ್ಕಿನಿಂದ ಮೇಲೆದ್ದ ಆವಿಗೆ ಅಪರ್ಣಾಳ ಕನ್ನಡಕ ಮಂಜಾಯಿತು. ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡಳು.

ಮಾವ ಹಿಂದೆ ಯಾವುದೋ ಮೂರ್ತಿ ಇದ್ದ ಗೋಡೆಯ ಗೂಡಿನ ಬಳಿಗೆ ಹೋದರು. ಧೂಳು ಒರೆಸಿ, ಜೇಬಿನ ವಿಭೂತಿ ಗಟ್ಟಿಯನ್ನು ಅದರಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ತಲೆದೂಗಿದರು.

"ಎಲ್ಲ ಗ್ರ್ಯಾಂಡಾ? ಒಪ್ಪಿಗೆಯಾ?" ಹೊಸ್ತಿಲಾಚೆ ನಿಂತಿದ್ದ ನೂಲಾ ಗಡಿಯಾರ ನೋಡುತ್ತ ಕೇಳಿದಳು.

ಶಿವರುದ್ರಪ್ಪ ಬಾಗಿಲಿಗೆ ಅಂಗೈಯಿಂದ ಎರಡೇಟು ಹಾಕಿದರು. "ರೈಟ್, ರೈಟ್!"

ಮೆಟ್ಟಿಲಿಳಿಯುತ್ತಲೇ ಅಪರ್ಣಾ ರಜತನಿಗೆ ಫೋನ್ ಮಾಡಿದಳು.

"ಅಪ್ಪ ಏನಂದ್ರು?" ಅವನ ದನಿಯಲ್ಲಿ ಗಾಬರಿ.

"ಗಾಡಿ ಬಿಡು ಅಂದ್ರು."